ಮುತ್ತತ್ತಿ, ಭೀಮೇಶ್ವರಿ ಮತ್ತು ರೀಲು ಸುತ್ತುವ ಕೈ

ಕಾವೇರಿಯನ್ನು ತಲಕಾವೇರಿಯಲ್ಲಿ, ಶ್ರೀರಂಗಪಟ್ಟಣದಲ್ಲಿ, ಹೆಚ್ಚೆಂದರೆ ಶಿವನಸಮುದ್ರದಲ್ಲಿ ನೋಡಿ ಬರುವವರೇ ನಮ್ಮಲ್ಲಿ ಹೆಚ್ಚು. ಅಲ್ಲಿ ಧುಮುಕಿದ ತಾಯಿ ಆಮೇಲೆ ಕಾಡಿನ ನಡುವೆ ಹೇಗೆ ಹರಿಯುತ್ತಾಳೆ ಅಂತ ನೋಡಬೇಕಾದರೆ ಮುತ್ತತ್ತಿಗೂ ಭೀಮೇಶ್ವರಿಗೂ ಹೋಗಬೇಕು. ಬೆಂಗಳೂರಿನಿಂದ ಸುಮಾರು 100 ಕಿಲೋಮೀಟರು. ಕನಕಪುರ, ಸಾತನೂರು ದಾಟಿ ಹಲಗೂರಿನಲ್ಲಿ ಕಾಡಿನ ದಾರಿ ಹಿಡಿಯಬೇಕು. ಮೈಸೂರಿನ ಕಡೆಯವರು ಮಳವಳ್ಳಿಯ ಮೇಲೆ ಹಲಗೂರಿಗೆ ಬರಬಹುದು.

ಮೊದಲು ಸಿಗುವುದು ಮುತ್ತತ್ತಿ. ಹೊಳೆಯ ದಡದಲ್ಲೇ ಆಂಜನೇಯನ ಗುಡಿ. ಸೀತಾದೇವಿ ಇಲ್ಲಿ ಸ್ನಾನ ಮಾಡುವಾಗ ಮೂಗುತಿಯ ಮುತ್ತು ನೀರಿಗೆ ಬಿತ್ತಂತೆ. ಹನುಮಂತ ಬಾಲದಿಂದ ಹೊಳೆಯನ್ನೇ ಕಲಕಿ ಅದನ್ನು ಎತ್ತಿಕೊಟ್ಟನಂತೆ. ಹಾಗಾಗಿ ಅವನು ಮುತ್ತತ್ತಿರಾಯ. ನೀರಿನೊಳಗಿನ ವಸ್ತು ತೆಗೆಯಲು ಎಡಗೈಯೋ ಬಲಗೈಯೋ ಎಂಬ ಪ್ರಶ್ನೆಯೇ ಅವನಿಗೆ ಬರಲಿಲ್ಲ! ನಮ್ಮಂಥವರಿಗೆ ಬರುತ್ತದೆ. ಈ ಪ್ರವಾಸದಲ್ಲಿ ನಮಗೆ ಬಂದದ್ದೂ ಅದೇ ಪ್ರಶ್ನೆ.

ಮುತ್ತತ್ತಿಯಿಂದ ಮುಂದೆ ಕೆಲವೇ ಕಿಲೋಮೀಟರು ಹೋದರೆ ಭೀಮೇಶ್ವರಿ. ದಡದ ಉದ್ದಕ್ಕೂ ಹೊಳೆಮತ್ತಿಯ ದೊಡ್ಡ ದೊಡ್ಡ ಮರಗಳು, ಬಂಡೆಗಳ ಮೇಲೆ ಬಿಸಿಲು ಕಾಯಿಸುವ ಮೊಸಳೆಗಳು, ಅದೃಷ್ಟವಿದ್ದರೆ ನೀರುನಾಯಿಗಳ ಗುಂಪು. ಒಂದು ಕಾಲಕ್ಕೆ ಈ ಜಾಗಕ್ಕೆ ದೇಶವಿದೇಶದಿಂದ ಜನ ಬರುತ್ತಿದ್ದದ್ದು ಒಂದೇ ಒಂದು ಮೀನಿಗಾಗಿ. ಅದೇ ಮಹಶೀರ್, ನಮ್ಮ ಹೊಳೆಯವರ ಬಾಯಲ್ಲಿ ಬಿಳಿಮೀನು. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದ ಒಬ್ಬರು ಗಾಳದಲ್ಲಿ ಹಿಡಿದ ಬಿಳಿಮೀನು 120 ಪೌಂಡು ತೂಗಿತ್ತು. ಅಂದರೆ ನಮ್ಮ ಲೆಕ್ಕದಲ್ಲಿ 54 ಕಿಲೋ, ಒಬ್ಬ ದೊಡ್ಡ ಮನುಷ್ಯನ ತೂಕ! ಆಮೇಲೆ ಈ ಮೀನು ಮುಗಿದೇಹೋಯಿತು ಅಂತ ಜನ ತಿಳಿದಿದ್ದರು. 1977–78ರಲ್ಲಿ ಇಂಗ್ಲೆಂಡಿನ ಮೂವರು ಬಂದು ಮತ್ತೆ ಹಿಡಿದು ತೋರಿಸಿದ ಮೇಲೆ ಇಲ್ಲಿ ಗಾಳದವರ ಬಿಡಾರಗಳೇ ಎದ್ದವು. ಹಿಡಿದ ಮೀನನ್ನು ತೂಗಿ, ಫೋಟೋ ತೆಗೆದು, ಪುನಃ ನೀರಿಗೆ ಬಿಡುವುದು ಆಗಿನ ನಿಯಮ.

ವನ್ಯಜೀವಿ ಕಾನೂನಿನ ಪ್ರಕಾರ ಅಭಯಾರಣ್ಯದೊಳಗೆ ಗಾಳ ಹಾಕುವುದೂ ಬೇಟೆಯೇ ಎಂದಾಗಿ, 2012ರ ಸುಮಾರಿಗೆ ಆ ಆಟ ಇಲ್ಲಿ ನಿಂತಿತು. ಕಾವೇರಿಯ ಈ ಗೂನುಬೆನ್ನಿನ ಮಹಶೀರ್ 2018ರಿಂದ ತೀರಾ ಅಳಿವಿನಂಚಿನ ಜೀವಿಗಳ ಪಟ್ಟಿಯಲ್ಲಿದೆ. ಈಗ ಹೋದವರಿಗೆ ತೆಪ್ಪ, ಹಕ್ಕಿಗಳು, ಕಾಡಿನ ನಡಿಗೆ, ಹಳೆಯ ಫೋಟೋಗಳು ಇಷ್ಟೇ.

ಆ ಫೋಟೋಗಳನ್ನು ನೋಡುತ್ತಿದ್ದಾಗ ನನ್ನ ಮಗಳು ಒಂದು ವಿಷಯ ಗಮನಿಸಿದಳು. “ಅಮ್ಮಾ, ಇವರೆಲ್ಲ ಕೋಲನ್ನು ಎಡಗೈಯಲ್ಲೇ ಹಿಡಿದಿದ್ದಾರಲ್ಲ, ಎಲ್ಲರೂ ಎಡಚರೇ?” ಅವಳು ಕೇಳಿದ್ದಕ್ಕೆ ಕಾರಣವಿದೆ. ಹತ್ತನೇ ತರಗತಿಯ ಈ ಹುಡುಗಿ ಸ್ವತಃ ಎಡಚಿ. ಒಂದನೇ ಕ್ಲಾಸಿನಲ್ಲಿ ಒಬ್ಬ ಟೀಚರು ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಬರೆಯಲು ಹೇಳಿದ್ದರು. ಮನೆಗೆ ಬಂದ ನೆಂಟರು ಈಗಲೂ “ಎಡಗೈಲಿ ಕೊಡಬಾರದಮ್ಮ” ಅನ್ನುತ್ತಾರೆ. ಕತ್ತರಿ, ಹೊಲಿಗೆ ಮಿಷನ್ನು, ಏನೇ ಹೊಸ ಸಾಮಾನು ಕೈಗೆ ಕೊಟ್ಟರೂ ಅವಳ ಮೊದಲ ಮಾತು, “ಬೇಡ, ನಂಗೆ ಬರೋಲ್ಲ.”

ಇದಕ್ಕೆ ಉತ್ತರ ಸಿಕ್ಕಿದ್ದು ಮರುದಿನ, ಹಲಗೂರಿನ ಹತ್ತಿರದ ಒಂದು ಹಳ್ಳಿಯ ಜಗಲಿಯ ಮೇಲೆ. ಹಿಂದೆ ಗಾಳದವರ ಜೊತೆ ತೆಪ್ಪದಲ್ಲಿ ಹೋಗುತ್ತಿದ್ದ ಹಿರಿಯರೊಬ್ಬರು ನಮ್ಮವರಿಗೆ ಪರಿಚಯ. ಯಾರೋ ದೊರೆ ಬಿಟ್ಟುಹೋದ ಹಳೇ ಕೋಲನ್ನೂ ರೀಲನ್ನೂ ಅವರು ಎಣ್ಣೆ ಹಾಕಿ ಇಟ್ಟುಕೊಂಡಿದ್ದಾರೆ. ಕೊಕ್ಕೆ ಇಲ್ಲ, ಬರೀ ದಾರ. ಅದನ್ನೇ ಕೈಗೆ ಕೊಟ್ಟು ಪಾಠ ಮಾಡಿದರು. ನನಗೆ ಅರ್ಥವಾದ ಹಾಗೆ ಹೇಳುತ್ತೇನೆ.

ರೀಲಿನಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ಕೋಲಿನ ಕೆಳಗೆ ನೇತಾಡುವಂಥದ್ದು. ಸಣ್ಣ ಮೀನಿಗೆ, ಮತ್ತೆ ಮತ್ತೆ ಎಸೆಯುವ ಆಟಕ್ಕೆ ಇದು ಒಳ್ಳೆಯದು. ಬಲಗೈಯವರು ಬಲಗೈಯಿಂದ ಎಸೆದು, ಕೋಲನ್ನು ಅದೇ ಕೈಯಲ್ಲಿಟ್ಟುಕೊಂಡು ಎಡಗೈಯಲ್ಲಿ ಸುತ್ತುತ್ತಾರೆ. ಇದರ ಹಿಡಿಯನ್ನು ಬಿಚ್ಚಿ ಇನ್ನೊಂದು ಪಕ್ಕಕ್ಕೂ ಹಾಕಬಹುದು, ಆದ್ದರಿಂದ ತಂಟೆಯಿಲ್ಲ.

ಇನ್ನೊಂದು ಕೋಲಿನ ಮೇಲೆ ಕೂರುವ ಉರುಟು ರೀಲು. ಮಹಶೀರ್ ಹಿಡಿಯಲು ಬಳಸುತ್ತಿದ್ದದ್ದು ಹೆಚ್ಚಾಗಿ ಇದನ್ನೇ. ಹಳೇ ರೀಲುಗಳಲ್ಲಿ ಹಿಡಿ ಸಾಮಾನ್ಯವಾಗಿ ಬಲಗಡೆಗೇ ಇರುತ್ತದೆ, ಬದಲಾಯಿಸಲು ಬರುವುದಿಲ್ಲ. ಎಡಗಡೆ ಹಿಡಿ ಬೇಕಾದರೆ ಬೇರೆ ರೀಲೇ ಕೊಳ್ಳಬೇಕು. ಹೀಗಾಗಿ ಬಲಗೈಯವರು ಬಲಗೈಯಲ್ಲಿ ಎಸೆದು, ತಕ್ಷಣ ಕೋಲನ್ನು ಎಡಗೈಗೆ ದಾಟಿಸಿ, ಬಲಗೈಯಲ್ಲಿ ಸುತ್ತಬೇಕು. ಫೋಟೋದಲ್ಲಿ ಎಲ್ಲರೂ ಎಡಚರ ಹಾಗೆ ಕಂಡದ್ದು ಇದಕ್ಕೇ.

ಬಿಳಿಮೀನಿನ ಆಟದಲ್ಲಿ ಎಸೆತ ಕಡಿಮೆ, ಕಾಯುವುದೇ ಹೆಚ್ಚು. ರಾಗಿಹಿಟ್ಟನ್ನು ಗಟ್ಟಿಯಾಗಿ ನಾದಿ, ಉಂಡೆ ಕಟ್ಟಿ, ನೀರಿನಲ್ಲಿ ಬೇಯಿಸಿದರೆ ರಬ್ಬರಿನ ಹಾಗೆ ಬಿಗಿಯಾಗುತ್ತದೆ. ನಿಂಬೆಹಣ್ಣಿನಿಂದ ಹಿಡಿದು ಕಿತ್ತಳೆ ಗಾತ್ರದವರೆಗಿನ ಆ ಉಂಡೆಯನ್ನು ಕೊಕ್ಕೆಗೆ ಸಿಕ್ಕಿಸಿ ಬಂಡೆಗಳ ನಡುವೆ ಬಿಟ್ಟು ಗಂಟೆಗಟ್ಟಲೆ ಕೂರುತ್ತಿದ್ದರಂತೆ. (ನಮ್ಮ ಮುದ್ದೆಗೆ ಬಂದ ಭಾಗ್ಯ ನೋಡಿ!) ದಿನಕ್ಕೆ ಕೆಲವೇ ಸಲ ಎಸೆಯುವವರಿಗೆ ಕೈ ಬದಲಾಯಿಸುವುದು ದೊಡ್ಡ ಕಷ್ಟವಲ್ಲ.

ಹಾಗಾದರೆ ಶಕ್ತಿಯ ಕೈ ಎಲ್ಲಿರಬೇಕು? ಸುತ್ತುವ ಕಡೆಗೇ ಅಂತ ನಾನು, ನಮ್ಮವರು ಇಬ್ಬರೂ ಹೇಳಿದೆವು. ಅಜ್ಜ ನಕ್ಕರು. ದೊಡ್ಡ ಮೀನನ್ನು ರೀಲು ಸುತ್ತಿ ಎಳೆಯುವುದಲ್ಲ. ಅದು ಓಡುವಾಗ ಓಡಲು ಬಿಡಬೇಕು, ನಿಂತಾಗ ಕೋಲನ್ನು ನಿಧಾನ ಮೇಲೆತ್ತಬೇಕು, ಇಳಿಸುವಾಗ ಬೇಗ ಬೇಗ ದಾರ ಸುತ್ತಿಕೊಳ್ಳಬೇಕು. ಭಾರವೆಲ್ಲ ಕೋಲು ಹಿಡಿದ ತೋಳಿನ ಮೇಲೆ. ಸುತ್ತುವ ಕೈಗೆ ಬೇಕಾದದ್ದು ಒಂದೇ ಹದ, ಎಲ್ಲೂ ಸಡಿಲ ಬಿಡದಿರುವುದು. ಹೊಲಿಗೆ ಮಿಷನ್ನಿನಲ್ಲಿ ಚಕ್ರ ತಿರುಗಿಸುವ ಕೈ ಬೇರೆ, ಬಟ್ಟೆ ನಡೆಸುವ ಕೈ ಬೇರೆ ಅಲ್ಲವೇ? ಹಾಗೆ.

ಅಜ್ಜ ಒಂದು ಬಕೆಟ್ಟಿಗೆ ಒಂದು ಚೊಂಬು ನೀರು ಹಾಕಿ, ದಾರ ಕಟ್ಟಿ, ಅಂಗಳದ ಕೊನೆಯಲ್ಲಿಟ್ಟರು. ಪರೀಕ್ಷೆ ಸುಲಭ. ಬಕೆಟ್ಟನ್ನು ಎಳೆಯುತ್ತಾ ಕೋಲಿನ ತುದಿ ನೋಡಬೇಕು. ಸುತ್ತಿದ ಹಾಗೆಲ್ಲ ತುದಿ ಅಲ್ಲಾಡಿದರೆ ಕೈಗಳು ತಮ್ಮ ತಮ್ಮ ಜಾಗದಲ್ಲಿಲ್ಲ ಅಂತ ಅರ್ಥ. ನನ್ನದು ಅಲ್ಲಾಡಿತು. ನಮ್ಮವರದಂತೂ ಕುಣಿಯಿತು. ಮಗಳು ಎಂದಿನಂತೆ ಬೇಡ ಅಂದಳು.

“ಯಾವ ಕೈಲಿ ಬಿಂದಿಗೆ ಎತ್ತೀಯೇ ಮಗಾ?” ಅಂದರು ಅಜ್ಜ. ಅವಳು ನನ್ನ ಮುಖ ನೋಡಿ, ಆಮೇಲೆ ಮೆಲ್ಲಗೆ “ಎಡಗೈಲಿ” ಅಂದಳು.

“ಹಂಗಾದ್ರೆ ಈ ರೀಲು ನಿಂಗೇ ಮಾಡ್ದಂಗದೆ. ಎಡಗೈಲೇ ಎಸಿ, ಎಡಗೈಲೇ ಹಿಡ್ಕೊ, ಬಲಗೈಲಿ ಸುತ್ತು. ಕೈ ಬದಲಾಯ್ಸಂಗೇ ಇಲ್ಲ. ಮೀನಿಗೇನ್ ಗೊತ್ತವ್ವಾ ಇದು ಯಾವ ಕೈ ಅಂತ? ದಾರ ಸಡ್ಲ ಬುಟ್ರೆ ಮಾತ್ರ ಅದ್ಕೆ ಗೊತ್ತಾಯ್ತದೆ.”

ಬಕೆಟ್ಟು ಅಂಗಳ ದಾಟಿ ಬಂತು, ಕೋಲಿನ ತುದಿ ಅಲ್ಲಾಡಲಿಲ್ಲ. ಅವಳು ಇನ್ನೊಂದು ಸಲ ಅಂದಳು, ಮತ್ತೊಂದು ಸಲ ಅಂದಳು. ಬಲಗೈಯವರೇ ಹೆಚ್ಚಾಗಿ ಬಳಸಿದ ಸಾಮಾನು ಎಡಚಿಗೇ ಹೆಚ್ಚು ಒಗ್ಗಿತು! ಊರಿಗೆ ಬಂದ ವಾರದಲ್ಲೇ ಅವಳು ಪೇಟೆಯಲ್ಲಿ ಎಡಗೈಯವರ ಕತ್ತರಿ ವಿಚಾರಿಸಿದಳು. ಸಿಕ್ಕಿತು, ತಂದೆವು. ಮನೆಯಲ್ಲಿ ಎಡಚ ಮಕ್ಕಳಿರುವ ಸೋದರಿಯರಿಗೆ ನಾನು ಹೇಳುವುದಿಷ್ಟೆ: ಹೊಸ ಸಾಮಾನು ಕೈಗೆ ಕೊಡುವ ಮೊದಲು, ಯಾವ ಕೈಗೆ ಯಾವ ಕೆಲಸ ಒಗ್ಗುತ್ತದೆ ಅಂತ ಅವರನ್ನೇ ಕೇಳಿ.

ಹೋಗುವವರಿಗೆ ಒಂದೆರಡು ಮಾತು. ಮಳೆಗಾಲ ಕಳೆದ ಮೇಲೆ, ಚಳಿಗಾಲದಲ್ಲಿ ಹೋದರೆ ಒಳ್ಳೆಯದು. ಮುತ್ತತ್ತಿಯಲ್ಲಿ ನೀರು ಶಾಂತವಾಗಿ ಕಂಡರೂ ಸೆಳೆತವಿದೆ, ಸುಳಿಗಳಿವೆ. ಈಜು ಬಲ್ಲವರೂ ಇಲ್ಲಿ ಪ್ರಾಣ ಕಳೆದುಕೊಂಡಿದ್ದಾರೆ. ಮಕ್ಕಳ ಕೈ ಬಿಡಬೇಡಿ. ಕೋತಿಗಳು ಬುತ್ತಿಗೇ ಕೈ ಹಾಕುತ್ತವೆ, ಚಿತ್ರಾನ್ನದ ಡಬ್ಬಿಗೆ ಬಿಗಿಯಾದ ಮುಚ್ಚಳವಿರಲಿ. ಅಭಯಾರಣ್ಯದೊಳಗೆ ಗಾಳ ಒಯ್ಯಬೇಡಿ. ಮಹಶೀರನ್ನು ಹತ್ತಿರದಿಂದ ನೋಡುವ ಆಸೆಯಿದ್ದರೆ ಹಾಸನ ಜಿಲ್ಲೆಯ ರಾಮನಾಥಪುರಕ್ಕೆ ಹೋಗಿ. ಅಲ್ಲಿಯೂ ಕಾವೇರಿಯೇ, ಅಲ್ಲಿಯವು ದೇವರ ಮೀನುಗಳು, ಹಿಡಿಯುವಂತಿಲ್ಲ. ಒಂದು ಸೇರು ಪುರಿ ಕೊಂಡು ಮೆಟ್ಟಿಲ ಮೇಲೆ ಕೂತರೆ ಸಾಕು, ಅವೇ ಬರುತ್ತವೆ.