ಕೇಳದೆ ಬಿಚ್ಚಿದ ಬಾಗಿಲು

1/6

ಮೊದಲ ಫೋಟೋ ನೋಡಿ ನಗಬ್ಯಾಡ್ರಿ. ಅದು ನಮ್ಮಪ್ಪನ ಗಾಡಿ, 2008ರ ಮಾಡೆಲ್. ಹಿಂದಿನ ಎಡಗಡೆ ಕಿಟಕಿಗೆ ಸಿಗಿಸಿರೋದು ಯೂರಿಯಾ ಚೀಲ.

ಅಪ್ಪ ಘಟಪ್ರಭಾ ಸ್ಟೇಷನ್ ಕಡೆ ಬಾಡಿಗೆ ಓಡಿಸ್ತಾನ. ಹೋದ ವರ್ಷ ಜುಲೈ ತಿಂಗಳು, ಒಂದು ಸಂಜೆ ಗೋಕಾಕದಿಂದ ನಮ್ಮ ಧುಪದಾಳಕ್ಕೆ ಒಬ್ಬ ಬಾಣಂತಿಯನ್ನ ಕರ್ಕೊಂಡು ಬರ್ತಿದ್ದ. ಉಡಿಯಲ್ಲಿ ಐದು ದಿನದ ಕೂಸು. ಗಾಳಿ ಬರಲಿ ಅಂತ ಬಾಣಂತಿಯ ಅವ್ವ ಸ್ವಿಚ್ ಒತ್ತಿ ಗ್ಲಾಸ್ ಇಳಿಸಿದರು. ಅರ್ಧ ದಾರಿಯಲ್ಲಿ ಮಳೆ ಹಿಡೀತು. ಗ್ಲಾಸ್ ಮೇಲೆ ಬರಲಿಲ್ಲ. ಎಷ್ಟು ಒತ್ತಿದರೂ ಬರಲಿಲ್ಲ. ಅಪ್ಪ ಗಾಡಿ ಬದಿಗೆ ನಿಲ್ಲಿಸಿ, ಡಿಕ್ಕಿಯಲ್ಲಿದ್ದ ಚೀಲ ತೆಗೆದು ಬಾಗಿಲ ಸಂದಿಗೆ ಸಿಗಿಸಿದ. ಮನೆ ಮುಟ್ಟುವಷ್ಟರಲ್ಲಿ ಕೂಸಿಗೆ ಹೊದಿಸಿದ್ದ ಬಟ್ಟೆ ತೊಯ್ದಿತ್ತು. ಅಪ್ಪ ಬಾಡಿಗೆ ಇಸ್ಕೊಳ್ಳಲಿಲ್ಲ.

ಮರುದಿನ ಸ್ಟೇಷನ್ನಿಗೆ ಬಂದ ಗಿರಾಕಿ ಆ ಚೀಲ ನೋಡಿ ಬಾಜೂ ಗಾಡಿ ಹತ್ತಿ ಹೋದ.

2/6

ಗ್ಯಾರೇಜಿನವರು ಬಾಗಿಲು ಬಿಚ್ಚದೆಯೇ "ಮೋಟಾರ್ ಹೋಗೇತಿ" ಅಂದ್ರು. ನಾನು ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್ ಓದೋ ಹುಡುಗ. ಎದೆ ಉಬ್ಬಿಸಿ ಹೇಳಿದೆ: "ಅವರಿಗ್ಯಾಕ ರೊಕ್ಕ ಕೊಡ್ತಿ ಅಪ್ಪಾ, ನಾನ ಮಾಡ್ತೀನಿ."

ನನ್ನ ಕ್ಲಾಸಿನವರಿಗೆ ಇದು ಗೊತ್ತು, ಉಳಿದವರು ಕೇಳ್ರಿ. ಬಾಗಿಲೊಳಗೆ 12 ವೋಲ್ಟಿನ ಒಂದು ಡಿಸಿ ಮೋಟಾರ್ ಇರ್ತದೆ. ಅದಕ್ಕೆ ಎರಡು ವೈರ್. ಸ್ವಿಚ್ ಮಾಡೋದು ಇಷ್ಟೇ: ಪ್ಲಸ್ಸು ಮೈನಸ್ಸು ಅದಲು ಬದಲು ಮಾಡ್ತದೆ. ಒಂದು ಕಡೆ ತಿರುಗಿದ್ರೆ ಗ್ಲಾಸ್ ಏರ್ತದೆ, ಇನ್ನೊಂದು ಕಡೆ ತಿರುಗಿದ್ರೆ ಇಳೀತದೆ. ಗ್ಲಾಸನ್ನ ಹಿಡಿದು ಎತ್ತೋ ಕೆಲಸ ರೆಗ್ಯುಲೇಟರಿಂದು. ಮೋಟಾರಿಗೆ ವರ್ಮ್ ಗಿಯರ್ ಇರೋದ್ರಿಂದ ಕೈಯಿಂದ ಎಷ್ಟು ದಬ್ಬಿದ್ರೂ ಗ್ಲಾಸ್ ಏರಲ್ಲ. ಆ ಸಂಜೆ ಅಪ್ಪ ದಬ್ಬಿ ದಬ್ಬಿ ಸೋತದ್ದು ಅದಕ್ಕೇ.

ಇನ್ನೊಂದು ಮಾತು. ಬಹಳಷ್ಟು ಗಾಡಿಗಳಲ್ಲಿ ಹಿಂದಿನ ಕಿಟಕಿಯ ಕರೆಂಟು ಡ್ರೈವರ್ ಬಾಗಿಲಿನ ಸ್ವಿಚ್ ಬೋರ್ಡ್ ಹಾದೇ ಬರ್ತದೆ. ಮಕ್ಕಳು ಆಡಬಾರದು ಅಂತ ಅಲ್ಲೊಂದು ಲಾಕ್ ಬಟನ್ ಇರ್ತದೆ. ಅದು ಒತ್ತಿದ್ರೆ ಹಿಂದಿನ ಸ್ವಿಚ್ಚುಗಳು ಕೆಲಸ ಮಾಡಲ್ಲ. ಏನೇ ಬಿಚ್ಚೋ ಮುಂಚೆ ಅದನ್ನ ನೋಡ್ರಿ. ಒಂದು ಪೈಸೆ ಖರ್ಚಿಲ್ಲ.

ನಮ್ಮದರಲ್ಲಿ ಲಾಕ್ ಒತ್ತಿರಲಿಲ್ಲ. ಫ್ಯೂಸ್ ಚೆನ್ನಾಗಿತ್ತು. ಹಿಂದಿನ ಸ್ವಿಚ್ ಒತ್ತಿದ್ರೂ ಇಲ್ಲ, ಡ್ರೈವರ್ ಸ್ವಿಚ್ ಒತ್ತಿದ್ರೂ ಇಲ್ಲ. ಒಂದು ಸಪ್ಪಳ ಕೂಡ ಇಲ್ಲ.

3/6

ಡೋರ್ ಪ್ಯಾಡ್ ಬಿಚ್ಚಿದೆ. ಹ್ಯಾಂಡಲ್ ಹಿಂದೆ ಒಂದು ಸ್ಕ್ರೂ, ಕೈ ಇಡೋ ಜಾಗದಲ್ಲಿ ಎರಡು, ಸುತ್ತಲೂ ಪ್ಲಾಸ್ಟಿಕ್ ಕ್ಲಿಪ್ಪು. ಎರಡು ಕ್ಲಿಪ್ ಮುರಿದೆ, ಅದೂ ಹೇಳಬೇಕು. ಮೋಟಾರಿನ ಪ್ಲಗ್ ಕಿತ್ತು, ವೈರಿಗೆ ಮಲ್ಟಿಮೀಟರ್ ಹಿಡಿದೆ. ಅಪ್ಪ ಸ್ವಿಚ್ ಒತ್ತಿದ. 12.1 ತೋರಿಸ್ತು.

"ನೋಡಪಾ, ಕರೆಂಟ್ ಬರಾಕತ್ತೈತಿ. ಮೋಟಾರನ ಸತ್ತೈತಿ" ಅಂದೆ. ಅಪ್ಪ ಏನೋ ಹೇಳೋಕೆ ಬಾಯಿ ತೆಗೆದ. ನಾನು ಆಗಲೇ ಬೆಳಗಾವಿ ಬಸ್ಸಿನ ಟೈಮ್ ನೋಡ್ತಿದ್ದೆ.

ಅಪ್ಪ ಎಣಿಸಿ ₹1,800 ಕೊಟ್ಟ. ಬೆಳಗಾವಿಯಲ್ಲಿ ಹಳೆ ಗಾಡಿ ಸಾಮಾನು ಮಾರೋರ ಹತ್ರ ಸೆಕೆಂಡ್ ಹ್ಯಾಂಡ್ ಮೋಟಾರ್ ತಂದೆ. ಅಂಗಡಿಯಲ್ಲಿ ಬ್ಯಾಟರಿಗೆ ಹಚ್ಚಿ ತೋರಿಸಿದ್ರು, ಛಲೋ ತಿರುಗ್ತು. ಮನೆಗೆ ತಂದು ಕೂರಿಸಿ ಸ್ವಿಚ್ ಒತ್ತಿದೆ.

ಸಪ್ಪಳ ಇಲ್ಲ.

ಅಪ್ಪ ಬಯ್ಯಲಿಲ್ಲ. "ಊಟ ಮಾಡು ನಡಿ" ಅಂದ. ಬಯ್ದಿದ್ರೆ ಚೆನ್ನಾಗಿತ್ತು.

4/6

ಅವತ್ತು ರಾತ್ರಿ ಹೊಳೆದದ್ದನ್ನ ನಮ್ಮೂರಿನವರಿಗೆ ಹೇಳೋದು ಸುಲಭ. ನಮ್ಮ ಒಡ್ಡಿನಿಂದಲೇ ಘಟಪ್ರಭಾ ಎಡದಂಡೆ ಕಾಲುವೆ ಹೊರಡೋದು. ಕಾಲುವೆಯ ಮ್ಯಾಲಿನ ಕಡೆ ಎಲ್ಲೋ ಹೂಳು ತುಂಬಿ, ಸಣ್ಣ ಎಳೆಯಷ್ಟೇ ನೀರು ಬರ್ತಿದೆ ಅಂದ್ಕೊಳ್ರಿ. ನಿಮ್ಮ ಹೊಲದ ಮಡಿ ಕಟ್ಟಿದ್ರೆ ಆ ಎಳೆಯೇ ನಿಂತು ನಿಂತು ಕಾಲುವೆ ತುಂಬಿದಂಗ ಕಾಣ್ತದೆ. ಮಡಿ ತೆಗೀರಿ, ಗಳಿಗೆಯಲ್ಲಿ ಖಾಲಿ. ಹೊಲ ತೊಯ್ಯೋದಿಲ್ಲ.

ಮಲ್ಟಿಮೀಟರ್ ಮಡಿ ಕಟ್ಟಿದಂಗ. ಅದು ಕರೆಂಟನ್ನ ಎಳೆಯೋದೇ ಇಲ್ಲ ಅನ್ನುವಷ್ಟು ಕಡಿಮೆ ಎಳೀತದೆ. ವೈರಿನ ಒಂದೇ ಎಳೆ ಉಳಿದಿದ್ರೂ 12 ತೋರಿಸ್ತದೆ. ಮೋಟಾರ್ ತಿರುಗೋಕೆ ಆ ಒಂದು ಎಳೆ ಸಾಲಲ್ಲ.

ಮರುದಿನ ಮೀಟರ್ ಬಿಟ್ಟು ಇಂಡಿಕೇಟರಿನ 21 ವ್ಯಾಟ್ ಬಲ್ಬ್ ಹಚ್ಚಿದೆ. 12 ವೋಲ್ಟಿಗೆ ಅದು ಸುಮಾರು 1.75 ಆಂಪಿಯರ್ ಎಳೀತದೆ. ಬಲ್ಬ್ ಹತ್ತಲೇ ಇಲ್ಲ. ಸ್ವಿಚ್ ಒತ್ತಿ ಹಿಡಿಯೋಕೆ ತಂಗಿಗೆ ಹೇಳಿ, ನಾನು ಬಾಗಿಲನ್ನ ಮೆಲ್ಲಗೆ ತೆರೆದು ಮುಚ್ಚಿದೆ. ಒಂದು ಜಾಗದಲ್ಲಿ ಬಲ್ಬ್ ಫಕ್ಕನೆ ಹತ್ತಿ ಆರಿತು.

ಬಾಗಿಲಿಗೂ ಕಂಬಕ್ಕೂ ನಡುವೆ ರಬ್ಬರಿನ ಸುಕ್ಕು ಸುಕ್ಕು ಕೊಳವೆ ಇರ್ತದಲ್ಲ (4ನೇ ಫೋಟೋ), ಅದರೊಳಗಿಂದ ವೈರ್ ಹೋಗ್ತಾವೆ. ಕೊಳವೆ ಸರಿಸಿ ನೋಡಿದ್ರೆ ಒಂದು ವೈರಿನ ತಾಮ್ರ ತುಂಡಾಗಿ ಒಂದೆರಡು ಎಳೆ ಮಾತ್ರ ನೇತಾಡ್ತಿತ್ತು. ಬಾಡಿಗೆ ಗಾಡಿಯ ಗಿರಾಕಿಗಳು ರಸ್ತೆ ಬದಿಯಿಂದ, ಅಂದ್ರೆ ಹೆಚ್ಚಾಗಿ ಎಡಗಡೆಯಿಂದಲೇ ಹತ್ತಿ ಇಳೀತಾರೆ. ಇಷ್ಟು ವರ್ಷದಲ್ಲಿ ಆ ಬಾಗಿಲು ಎಷ್ಟು ಸಲ ತೆರೆದಿರಬೇಕು! ಪ್ರತಿ ಸಲ ವೈರ್ ಬಾಗಿದೆ. ಬಾಗೋ ಜಾಗದಲ್ಲೇ ಮುರಿದಿದೆ.

ಅದೇ ದಪ್ಪದ ಹೊಸ ವೈರಿನ ತುಂಡು ಸೇರಿಸಿ ಬೆಸುಗೆ ಹಾಕಿದೆ. ನೆನಪಿರಲಿ, ಜೋಡಣೆ ಕೊಳವೆಯ ಒಳಗೆ ಬರಬಾರದು, ಬಾಗದ ಜಾಗದಲ್ಲಿ ಬರಬೇಕು. ಇಲ್ಲಾಂದ್ರೆ ಮತ್ತೆ ಮುರೀತದೆ. ಸ್ವಿಚ್ ಒತ್ತಿದೆ. ಗ್ಲಾಸ್ ಸರ್ರನೆ ಏರಿತು.

5/6

ಇಲ್ಲಿಂದ ಮುಂದಿನದು ಬರೆಯೋಕೆ ಕೈ ಬರ್ತಿರಲಿಲ್ಲ.

ಅಪ್ಪನ ಹಳೆ ಮೋಟಾರನ್ನ ಬ್ಯಾಟರಿಗೆ ಹಚ್ಚಿ ನೋಡಿದೆ. ಹೊಸದರಂತೆ ತಿರುಗ್ತು. ಅದಕ್ಕೇನೂ ಆಗಿರಲಿಲ್ಲ. ಈ ಪರೀಕ್ಷೆ ಮೊದಲೇ ಮಾಡಿದ್ರೆ ₹1,800 ಉಳೀತಿತ್ತು. ಆ ಮೋಟಾರನ್ನ ಹಳೆ ಬಟ್ಟೆಯಲ್ಲಿ ಸುತ್ತಿ ಮಂಚದ ಕೆಳಗೆ ಇಟ್ಟೆ. ಸಂಜೆ ಅಪ್ಪ ಬಂದಾಗ "ಮೋಟಾರ ಹೋಗಿತ್ತು, ಜೊತಿಗೆ ಒಂದು ವೈರೂ ಲೂಜ್ ಇತ್ತು" ಅಂದೆ.

ಅಪ್ಪ ಸ್ಟೇಷನ್ನಿನಲ್ಲಿ ಎಲ್ಲರಿಗೂ ಹೇಳಿದ: "ನಮ್ಮ ಹುಡುಗ ಸ್ವಂತ ಮೋಟಾರ್ ಚೇಂಜ್ ಮಾಡಿದ."

ಮೂರು ವಾರದ ಮ್ಯಾಲೆ ಅಪ್ಪನ ಗೆಳೆಯ, ಇನ್ನೊಬ್ಬ ಡ್ರೈವರ್ ಕಾಕಾ ಮನೆಗೆ ಬಂದರು. "ತಮ್ಮಾ, ಮೋಟಾರ್ ಎಲ್ಲಿ ತಂದಿ? ನಂದೂ ಹಿಂದಿನ ಗ್ಲಾಸ್ ಏರವಲ್ದು. ನಾಳೆ ಬೆಳಗಾವಿಗೆ ಹೋಗಿ ತರ್ತೀನಿ." ಅವರ ಕಿಸೆಯಲ್ಲಿ ರೊಕ್ಕ ಇತ್ತು. ಮಗಳ ಫೀಸಿಗೆ ಇಟ್ಟಿದ್ದರಲ್ಲೇ ತೆಗೆದದ್ದು ಅಂತ ಅವರೇ ಅಂದ್ರು.

ನನ್ನ ಸುಳ್ಳು ಆಗ ನಮ್ಮ ಮನೆ ದಾಟಿ ಇನ್ನೊಬ್ಬರ ಕಿಸೆಗೆ ಕೈ ಹಾಕ್ತಿತ್ತು.

ಮಂಚದ ಕೆಳಗಿನ ಗಂಟು ತಂದು ಅಪ್ಪನ ಮುಂದೆ ಬಿಚ್ಚಿದೆ. ಎಲ್ಲಾ ಹೇಳಿದೆ.

6/6

ಅಪ್ಪ ಮೋಟಾರ್ ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ನಾನು ಅವನ ಮುಖ ನೋಡಲಾರದೆ ಕಾಕಾನ ಕಡೆ ತಿರುಗಿದೆ. "ಕಾಕಾ, ನಿಮ್ಮದು ಸ್ವಿಚ್ ಒತ್ತಿದ್ರ ಸಪ್ಪಳ ಬರ್ತೈತೇನ್ರಿ?"

"ಬರ್ತೈತಲ್ಲಪಾ. ಗುಂಯ್ ಅಂತೈತಿ, ಆದ್ರ ಗ್ಲಾಸ್ ಅಲ್ಲಾಡಂಗಿಲ್ಲ."

ಅಂದ್ರೆ ಮೋಟಾರೂ ಜೀವಂತ, ವೈರೂ ಸರಿ. ಬಿಚ್ಚಿ ನೋಡಿದ್ರೆ ರೆಗ್ಯುಲೇಟರಿನ ಕೇಬಲ್ ಹರಿದಿತ್ತು. ಕಾಕಾ ಮೋಟಾರ್ ತಂದಿದ್ರೂ ದಂಡ, ನಾನು ನನ್ನ ಜಾಣತನದಲ್ಲಿ ಬರೀ ವೈರ್ ಹುಡುಕಿದ್ರೂ ದಂಡ.

ಕಾಕಾ ಹೋದ ಮ್ಯಾಲೆ ಅಪ್ಪ ಮೆಲ್ಲಗೆ ಹೇಳಿದ: "ನಮ್ಮ ಗಾಡ್ಯಾಗ ಬಾಗಿಲಾ ಜೋರ್ ಹಾಕಿದ್ರ ಒಮ್ಮೊಮ್ಮೆ ಗ್ಲಾಸ್ ಏರ್ತಿತ್ತು."

"ಮತ್ತ ಅವತ್ತ ಯಾಕ ಹೇಳಲಿಲ್ಲಪಾ?"

"ನೀ ಎಲ್ಲಿ ಕೇಳಿದಿ?"

ಸೇವ್ ಮಾಡ್ಕೊಳ್ಳೋರಿಗೆ:
▪️ ಮೊದಲು ಲಾಕ್ ಬಟನ್, ಆಮೇಲೆ ಫ್ಯೂಸ್.
▪️ ಗುಂಯ್ ಅಂದು ಗ್ಲಾಸ್ ಅಲ್ಲಾಡದಿದ್ರೆ ರೆಗ್ಯುಲೇಟರ್ ನೋಡ್ರಿ.
▪️ ಸಪ್ಪಳವೇ ಇಲ್ಲಾಂದ್ರೆ ಸ್ವಿಚ್, ವೈರ್, ಕಡೆಗೆ ಮೋಟಾರ್. ಬಲ್ಬ್ ಹಚ್ಚಿ ನೋಡ್ರಿ, ಮೀಟರ್ ಒಂದನ್ನೇ ನಂಬಬ್ಯಾಡ್ರಿ.
▪️ ನಿಧಾನ ಏರಿದ್ರೆ ಗ್ಲಾಸ್ ಓಡಾಡೋ ರಬ್ಬರಿನ ಧೂಳು ಒರೆಸಿ ಸಿಲಿಕೋನ್ ಸ್ಪ್ರೇ ಹೊಡೀರಿ. ಎಂಜಿನ್ ಆಯಿಲ್ ಬ್ಯಾಡ, ರಬ್ಬರ್ ಕೆಡ್ತದೆ, ಧೂಳೂ ಹಿಡೀತದೆ.
▪️ ಮೋಟಾರ್ ಬಿಚ್ಚೋ ಮುಂಚೆ ಗ್ಲಾಸನ್ನ ಟೇಪ್ ಹಚ್ಚಿ ನಿಲ್ಲಿಸ್ರಿ, ಬ್ಯಾಟರಿ ವೈರ್ ತೆಗೀರಿ. ಗ್ಲಾಸ್ ಜಾರಿದ್ರೆ ಬೆರಳು ಹೋಗ್ತದೆ.

ಇದೆಲ್ಲದಕ್ಕಿಂತ ಮುಂಚೆ ಇನ್ನೊಂದು ಇದೆ. ಅದು ನಮ್ಮ ಟ್ರೇಡಿನ ಪುಸ್ತಕದಲ್ಲಿ ನನಗೆ ಕಾಣಲಿಲ್ಲ.

ಅಪ್ಪಗ ಇಲ್ಲಿತನಕ ₹1,100 ಮುಟ್ಟಿಸೀನಿ, ಇನ್ನೂ ₹700 ಬಾಕಿ. ಕಡೇ ಫೋಟೋದಲ್ಲಿರೋ ಮೋಟಾರ್ ನಮ್ಮಲ್ಲಿ ಸುಮ್ನೆ ಬಿದ್ದಿದೆ, ಬೇಕಾದವರು ಹೇಳ್ರಿ. ಆದ್ರೆ ಮೊದಲು ನಿಮ್ಮ ಮನೆಯಲ್ಲಿ ಗಾಡಿ ಓಡಿಸೋರನ್ನ ಒಂದು ಮಾತು ಕೇಳಿ ಬರ್ರಿ.

#ಧುಪದಾಳ #ಘಟಪ್ರಭಾ #ಅಪ್ಪನಗಾಡಿ