ಕೆಲಸ ಸಿಗುವ ತನಕದ ಕೆಲಸ

ದಕ್ಷಿಣ ಕನ್ನಡದ ಸಣ್ಣ ಪೇಟೆಗಳಲ್ಲಿ ಕೆಲಸ ಹುಡುಕುವ ಕ್ರಮವು ಎರಡು ತಲೆಮಾರುಗಳ ಅಂತರದಲ್ಲಿ ತಲೆಕೆಳಗಾಗಿದೆ. ಹಿಂದೆ ಹುಡುಗನೊಬ್ಬ ಮೊದಲು ಊರು ಬಿಡುತ್ತಿದ್ದ, ಕೆಲಸ ಆಮೇಲೆ ಸಿಗುತ್ತಿತ್ತು. ಮುಂಬಯಿಯ ಹೋಟೆಲೊಂದರಲ್ಲಿ ಪರಿಚಯದವರೊಬ್ಬರಿದ್ದರೆ ಅಷ್ಟು ಸಾಕಾಗುತ್ತಿತ್ತು. ಹಗಲಲ್ಲಿ ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಯಲ್ಲಿ ಕಲಿತು, ನಾಲ್ಕಾರು ಕಡೆ ಬೈಸಿಕೊಂಡು, ಕೆಲಸ ಬಿಟ್ಟು ಮತ್ತೆ ಹಿಡಿದು ಕಳೆದ ದಿನಗಳೆಲ್ಲ ಊರಿನವರ ಕಣ್ಣಿಗೆ ಬೀಳದೆಯೇ ಮುಗಿದುಹೋಗಿ, ರಜೆಯಲ್ಲಿ ಬರುವಾಗ ಅವನ ಕೈಯಲ್ಲಿ ಟ್ರಂಕು ಮಾತ್ರ ಕಾಣುತ್ತಿತ್ತು. ಇಂದಿನ ಪದವೀಧರರು ಮೊದಲು ಕೆಲಸ ಗಿಟ್ಟಿಸಿಕೊಂಡು ಆಮೇಲೆ ಊರು ಬಿಡಬೇಕಾಗಿದೆ. ಅರ್ಜಿ ಹೋಗುವುದು ಮೊಬೈಲಿನಿಂದ, ಸಂದರ್ಶನ ನಡೆಯುವುದು ಚಾವಡಿಯ ಮೂಲೆಯಲ್ಲಿ, ಸೋಲುವುದು ಮನೆಮಂದಿಯ ಎದುರಿನಲ್ಲಿ. ದೀರ್ಘ ಉದ್ಯೋಗಾನ್ವೇಷಣೆಯ ಆಯಾಸದಲ್ಲಿ ಅರ್ಧಪಾಲು ಈ ಬಯಲಿನದೇ ಎನ್ನಬಹುದು.

ಬಂಟ್ವಾಳ ತಾಲೂಕಿನ ಕಲ್ಲಡ್ಕ ಈ ಸ್ಥಿತಿಯನ್ನು ಗಮನಿಸಲು ತಕ್ಕ ಜಾಗ. ಮಂಗಳೂರಿನಿಂದ ಬೆಂಗಳೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 75 ಈ ಪೇಟೆಯನ್ನೇ ಹಾದುಹೋಗುವುದರಿಂದ, ಶಿರಾಡಿ ಘಾಟಿ ಹತ್ತುವ ರಾತ್ರಿ ಬಸ್ಸುಗಳ ಸದ್ದು ಇಲ್ಲಿನ ಮನೆಗಳಿಗೆ ದಿನವೂ ಕೇಳಿಸುತ್ತದೆ. ಆ ಬಸ್ಸುಗಳಲ್ಲಿ ಯಾರ ಮಗ ಹೋದ, ಯಾರ ಮಗಳು ಹೋದಳು ಎಂಬುದೂ ಗೊತ್ತಿರುತ್ತದೆ. ಕೆ.ಟಿ. ಎಂದು ಹೆಸರಾದ ಕಲ್ಲಡ್ಕ ಟೀ ಕುಡಿಯುವ ಮೇಜಿನಲ್ಲಿ, ಮದುವೆಯ ಊಟದ ಸಾಲಿನಲ್ಲಿ, ದೈವದ ಕೋಲದ ಗದ್ದೆಯ ಬದಿಯಲ್ಲಿ, ಕುಶಲ ವಿಚಾರಿಸಿದವರೆಲ್ಲರ ಎರಡನೆಯ ಪ್ರಶ್ನೆ ‘ಬೇಲೆ ತಿಕ್ಕ್‌ಂಡಾ?’ ಎಂದೇ ಆಗಿರುತ್ತದೆ. ಕೇಳುವವರಲ್ಲಿ ಕೆಡುಕಿಲ್ಲ, ಆದರೆ ಕೆಲಸ ಸಿಕ್ಕಿತೇ ಎಂಬ ಆ ಒಂದು ಪ್ರಶ್ನೆಗೆ ಇಲ್ಲ ಎಂಬ ಒಂದೇ ಉತ್ತರವನ್ನು ತಿಂಗಳುಗಟ್ಟಲೆ ಕೊಡಬೇಕಾದವರು ಮೊದಲು ಮದುವೆ ಮನೆಗಳನ್ನು ಬಿಡುತ್ತಾರೆ, ಆಮೇಲೆ ಪೇಟೆಯನ್ನು ಬಿಡುತ್ತಾರೆ, ಕೊನೆಗೆ ಬೆಳಗ್ಗೆ ಬೇಗ ಏಳುವುದನ್ನು ಬಿಡುತ್ತಾರೆ.

ಈ ಕೊನೆಯ ಹಂತವನ್ನು ಕುರಿತು ಬಹಳ ಹಿಂದೆಯೇ ನಡೆದ ಒಂದು ಅಧ್ಯಯನವಿದೆ. ವಿಯೆನ್ನಾದ ಸಮೀಪದ ಮರಿಯೆಂಟಾಲ್ ಎಂಬ ಹಳ್ಳಿ ಒಂದೇ ಬಟ್ಟೆ ಗಿರಣಿಯನ್ನು ನೆಚ್ಚಿಕೊಂಡು ಬದುಕುತ್ತಿತ್ತು. ಜಾಗತಿಕ ಆರ್ಥಿಕ ಕುಸಿತದ ಕಾಲದಲ್ಲಿ ಆ ಗಿರಣಿ ಮುಚ್ಚಿದಾಗ ಊರಿಗೆ ಊರೇ ಕೆಲಸ ಕಳೆದುಕೊಂಡಿತು. ಮರೀ ಯಹೋಡಾ, ಪೌಲ್ ಲಾಜರ್ಸ್‌ಫೆಲ್ಡ್ ಮತ್ತು ಹಾನ್ಸ್ ಝೈಸಲ್ ಎಂಬ ಸಂಶೋಧಕರು ಅಲ್ಲಿನ ಜೀವನವನ್ನು ನೋಡಿ 1933ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಎರಡು ಸಂಗತಿಗಳು ಎದ್ದು ಕಾಣುತ್ತವೆ. ಓದಲು ಬೇಕಾದಷ್ಟು ಬಿಡುವಿದ್ದರೂ ಗ್ರಂಥಾಲಯದಿಂದ ಎರವಲು ಹೋಗುವ ಪುಸ್ತಕಗಳ ಸಂಖ್ಯೆ ಇಳಿದಿತ್ತು. ಬೀದಿಯಲ್ಲಿ ನಡೆಯುವ ಗಂಡಸರು ಮತ್ತೆ ಮತ್ತೆ ನಿಲ್ಲುತ್ತಿದ್ದರು, ಅವರ ಹೆಜ್ಜೆ ನಿಧಾನವಾಗಿತ್ತು, ಆದರೆ ಹೆಂಗಸರದು ಹಾಗಾಗಿರಲಿಲ್ಲ. ಗಿರಣಿಯ ಸಂಬಳ ಹೋದರೂ ಅಡುಗೆ, ಮಕ್ಕಳು, ಹರಿದ ಬಟ್ಟೆಯ ಹೊಲಿಗೆ ಇವು ಹೆಂಗಸರ ದಿನಕ್ಕೆ ಒಂದು ಕಟ್ಟುಪಾಡನ್ನು ಉಳಿಸಿಕೊಟ್ಟಿದ್ದವು. ಸಂಬಳವನ್ನಷ್ಟೇ ಅಲ್ಲದೆ ಹೊತ್ತಿಗೊಂದು ಕ್ರಮವನ್ನೂ, ಮನೆಯಾಚೆಗಿನ ಒಡನಾಟವನ್ನೂ, ತನ್ನಿಂದ ಯಾರಿಗೋ ಪ್ರಯೋಜನವಿದೆಯೆಂಬ ಭಾವವನ್ನೂ ಉದ್ಯೋಗವು ಕೊಡುತ್ತದೆಂದು ಯಹೋಡಾ ಮುಂದೆ ವಿಸ್ತರಿಸಿ ಬರೆದರು. ಕೆಲಸವಿಲ್ಲದವರು ಸೋಮಾರಿಗಳಾಗುತ್ತಾರೆಂಬ ಹಿರಿಯರ ಆಕ್ಷೇಪವನ್ನು ಈ ಅಧ್ಯಯನದ ಬೆಳಕಿನಲ್ಲಿ ನೋಡಿದರೆ, ಸೋಮಾರಿತನವು ರೋಗದ ಕಾರಣವಾಗಿರದೆ ಲಕ್ಷಣವಾಗಿರುವುದು ಕಾಣುತ್ತದೆ.

ಕಲ್ಲಡ್ಕದ ಸುತ್ತಿನ ಅನೇಕ ಮನೆಗಳಲ್ಲಿ ಮರಿಯೆಂಟಾಲಿನ ಈ ಎರಡು ಲಯಗಳೂ ಒಂದೇ ಸೂರಿನಡಿ ಇವೆ. ಒಳಕೋಣೆಯಲ್ಲಿ ಮಗ ಅಥವಾ ಮಗಳು ಫೋನ್ ಹಿಡಿದು ಕರೆಗೆ ಕಾಯುತ್ತಿದ್ದರೆ, ಜಗಲಿಯಲ್ಲಿ ತಾಯಿ ಮಡಿಲ ಮೇಲೆ ತಡ್ಪೆ ಎಂಬ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿರುತ್ತಾಳೆ. ಬೀಡಿ ಬ್ರಾಂಚಿನಿಂದ ತಂದ ಎಲೆಯನ್ನು ನೆನೆಸಿ, ಅಳತೆಗೆ ಕತ್ತರಿಸಿ, ಹೊಗೆಸೊಪ್ಪಿನ ಪುಡಿ ತುಂಬಿ, ಸುರುಳಿ ಸುತ್ತಿ, ತುದಿ ಮಡಚಿ, ನೂಲು ಕಟ್ಟುವ ಈ ಕೆಲಸಕ್ಕೆ ಕೂಲಿಯನ್ನು ಸಾವಿರಕ್ಕೆ ಇಷ್ಟೆಂದು ಲೆಕ್ಕ ಹಾಕುತ್ತಾರೆ. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಮನೆಯಲ್ಲೇ ಕೂತು ಕಟ್ಟುವವರನ್ನೂ ಕಾರ್ಮಿಕರೆಂದು ಒಪ್ಪಿಕೊಂಡಿತು. ಕೂಲಿ ಕಡಮೆ, ಹೊಗೆಸೊಪ್ಪಿನ ಧೂಳು ಎದೆಗೆ ಒಳ್ಳೆಯದಲ್ಲ, ಬೆನ್ನುನೋವಂತೂ ತಪ್ಪಿದ್ದಲ್ಲ. ಆದ್ದರಿಂದ ಈ ದುಡಿಮೆಯನ್ನು ಹೊಗಳಿ ಬರೆಯುವುದು ಸಲ್ಲದು. ಹಾಗಿದ್ದರೂ ಇದರಲ್ಲಿ ಉದ್ಯೋಗಾರ್ಥಿಗೆ ಸಿಗದ ಒಂದು ಸೌಲಭ್ಯವಿದೆ. ಬ್ರಾಂಚಿನಲ್ಲಿ ಬೀಡಿ ಪರೀಕ್ಷಿಸುವವರು ಸರಿಯಿಲ್ಲದ್ದನ್ನು ಬೇರೆ ಮಾಡಿ ಬದಿಗೆ ಹಾಕುವಾಗ, ಅದು ಸಡಿಲವಾಗಿತ್ತೋ, ಎಲೆ ಹರಿದಿತ್ತೋ, ತುದಿ ಬಿಚ್ಚಿತ್ತೋ ಎಂಬುದು ಕಟ್ಟಿದವಳ ಕಣ್ಣೆದುರೇ ಗೊತ್ತಾಗುತ್ತದೆ. ಮಾರನೆಯ ದಿನ ಕೈ ಅದನ್ನು ತಿದ್ದಿಕೊಳ್ಳುತ್ತದೆ. ಮಗನ ಅರ್ಜಿ ತಿರಸ್ಕೃತವಾದದ್ದಕ್ಕೆ ಕಾರಣ ತಿಳಿಯುವುದಿಲ್ಲ, ಬಹಳ ಸಲ ತಿರಸ್ಕೃತವಾಯಿತೆಂಬುದೂ ತಿಳಿಯುವುದಿಲ್ಲ. ಸೋಲಿಗಿಂತ ಮೌನವೇ ಹೆಚ್ಚು ಕುಗ್ಗಿಸುವುದು ಈ ಕಾರಣಕ್ಕೆ.

ಮಾಡಿದ್ದರ ಫಲವನ್ನು ಕಂಡು ತಿದ್ದಿಕೊಳ್ಳುವ ಈ ವಿಷಯ ಮನಶ್ಶಾಸ್ತ್ರದಲ್ಲಿ ‘ಸಾಧನಾ ಪ್ರೇರಣೆ’ ಎಂಬ ಹೆಸರಿನಲ್ಲಿ ಚರ್ಚೆಯಾಗಿದೆ. ಹಣಕ್ಕಾಗಲಿ ಹೊಗಳಿಕೆಗಾಗಲಿ ಅಲ್ಲದೆ, ಕೈಗೆತ್ತಿಕೊಂಡದ್ದನ್ನು ನಿನ್ನೆಗಿಂತ ಚೆನ್ನಾಗಿ ಮಾಡಬೇಕೆಂಬ ಒಳಗಿನ ಒತ್ತಾಯಕ್ಕೆ ಈ ಹೆಸರು. ಇದರ ಮುಖ್ಯ ಪ್ರತಿಪಾದಕನಾದ ಅಮೆರಿಕದ ಡೇವಿಡ್ ಮೆಕ್ಲೆಲೆಂಡ್ ಬಳಸಿದ ಒಂದು ಆಟದಲ್ಲಿ ನೆಟ್ಟ ಗೂಟಕ್ಕೆ ಬಳೆ ಎಸೆಯಬೇಕು. ಎಷ್ಟು ದೂರದಿಂದ ಎಸೆಯುವುದೆಂಬುದು ಆಡುವವರ ಇಷ್ಟ. ಸಾಧನಾ ಪ್ರೇರಣೆ ಕಡಮೆಯಿದ್ದವರು ತಪ್ಪಲಾರದಷ್ಟು ಹತ್ತಿರ ಅಥವಾ ಬೀಳಲಾರದಷ್ಟು ದೂರ ನಿಲ್ಲುವುದುಂಟು. ಹೆಚ್ಚಿದ್ದವರು, ಪ್ರಯತ್ನಪಟ್ಟರೆ ಬಿದ್ದೀತು ಎನ್ನುವಷ್ಟು ನಡುದೂರವನ್ನು ಆರಿಸಿ, ಪ್ರತಿ ಎಸೆತದ ಫಲವನ್ನು ನೋಡಿ ಮುಂದಿನದನ್ನು ಸರಿಪಡಿಸಿಕೊಳ್ಳುತ್ತಾರೆ. ಈ ಗುಣವನ್ನು ದೊಡ್ಡವರಿಗೂ ಕಲಿಸಬಹುದೇ ಎಂದು ಪರೀಕ್ಷಿಸಲು 1960ರ ದಶಕದಲ್ಲಿ ಅವನು ಆರಿಸಿಕೊಂಡ ಊರುಗಳಲ್ಲಿ ಆಂಧ್ರದ ಕರಾವಳಿಯ ಕಾಕಿನಾಡ ಒಂದು. ಬಹುಕಾಲ ಕಾದು ದಣಿದ ಉದ್ಯೋಗಾರ್ಥಿಗಳ ಅರ್ಜಿಗಳನ್ನು ನೋಡಿದವರಿಗೆ ಬಳೆಯಾಟದ ಎರಡು ಕೊನೆಗಳೂ ಅಲ್ಲಿ ಕಾಣಸಿಗುತ್ತವೆ: ಲಕ್ಷಾಂತರ ಮಂದಿ ಬರೆಯುವ ಪರೀಕ್ಷೆ ಒಂದು ಕಡೆ, ಓದಿಗೆ ಏನೇನೂ ಸಂಬಂಧವಿಲ್ಲದ ‘ಏನಾದರೂ ಆದೀತು’ ಇನ್ನೊಂದು ಕಡೆ, ನಡುವೆ ಖಾಲಿ.

ಆ ನಡುದೂರವನ್ನು ತೋರಿಸಿಕೊಡಲು ಕಲ್ಲಡ್ಕದ ಪಕ್ಕದ ತಾಲೂಕಿನಲ್ಲೇ ಒಂದು ಸಂಸ್ಥೆ ಹುಟ್ಟಿತು. ಬೆಳ್ತಂಗಡಿ ತಾಲೂಕಿನ ಉಜಿರೆಯಲ್ಲಿ 1982ರಲ್ಲಿ, ಧರ್ಮಸ್ಥಳದ ಡಿ. ವೀರೇಂದ್ರ ಹೆಗ್ಗಡೆಯವರ ನೇತೃತ್ವದಲ್ಲಿ, ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಶಿಕ್ಷಣ ಸಂಸ್ಥೆ, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಸೇರಿ ಆರಂಭಿಸಿದ ರುಡ್‌ಸೆಟ್, ನಿರುದ್ಯೋಗಿ ಯುವಜನರಿಗೆ ಊಟ ವಸತಿಯೊಂದಿಗೆ ಉಚಿತವಾಗಿ ಸ್ವ-ಉದ್ಯೋಗದ ತರಬೇತಿ ಕೊಡುತ್ತದೆ. ಮುಂದೆ ಕೇಂದ್ರ ಸರ್ಕಾರ ಇದೇ ಮಾದರಿಯನ್ನು ಆರ್‌ಸೆಟಿ ಎಂಬ ಹೆಸರಿನಲ್ಲಿ ಜಿಲ್ಲೆಗೊಂದರಂತೆ ದೇಶದಾದ್ಯಂತ ಹರಡಿತು. ಹೊಲಿಗೆ, ಮೊಬೈಲ್ ದುರಸ್ತಿ, ಹೈನುಗಾರಿಕೆಯಂಥ ಕಸುಬುಗಳ ಜೊತೆಗೆ ಬಳೆ ಎಸೆಯುವ ಆಟವೂ ಇಂಥ ತರಗತಿಗಳಿಗೆ ಬಂದಿದೆ. ಆದರೆ ಈ ಮಾದರಿಯ ಜಾಣತನವಿರುವುದು ಆಟದಲ್ಲಲ್ಲ, ಅವಧಿಯ ಹಂಚಿಕೆಯಲ್ಲಿ. ತರಬೇತಿ ವಾರಗಳಲ್ಲಿ ಮುಗಿದರೂ, ಕಲಿತವರ ಬೆನ್ನಿಗಿದ್ದು ವಿಚಾರಿಸುವ ಅನುಸರಣೆ ಎರಡು ವರ್ಷದ ತನಕ ಸಾಗುತ್ತದೆ. ಒಂದು ದಿನದ ಭಾಷಣದಲ್ಲಿ ಉಕ್ಕಿದ ಹುರುಪು ಮೂರನೆಯ ದಿನಕ್ಕೆ ಇಳಿಯುವುದನ್ನು ಬಲ್ಲವರು ಮಾಡಿದ ವ್ಯವಸ್ಥೆ ಇದು. ಸ್ಫೂರ್ತಿಯ ಭಾಷಣಗಳಿಗೆ ಸಭಾಂಗಣ ತುಂಬಿಸುವವರು ಇದನ್ನು ಗಮನಿಸಿದಂತಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ, ಕೆಲಸ ಸಿಗದಿರುವುದಕ್ಕೆ ಹುಡುಕುವವರ ಮನೋಬಲವೇ ಕಾರಣವೆಂದರೆ ಅನ್ಯಾಯವಾಗುತ್ತದೆ. ರಾಜ್ಯದಲ್ಲಿ 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ನಡೆದ ಪರೀಕ್ಷೆ ಅಕ್ರಮ ಬಯಲಾಗಿ 2022ರಲ್ಲಿ ರದ್ದಾಯಿತು, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಬರೆದವರ ಈ ಎರಡು ವರ್ಷಗಳನ್ನು ಯಾವ ಸಂಕಲ್ಪಶಕ್ತಿಯೂ ಚಿಕ್ಕದು ಮಾಡಲಾರದು. ಅದೇ ತಿಂಗಳಲ್ಲಿ ಶಿವಮೊಗ್ಗದಲ್ಲಿ ಚಾಲನೆಗೊಂಡ ಯುವನಿಧಿ ಯೋಜನೆ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿಯಂತೆ ಗರಿಷ್ಠ ಎರಡು ವರ್ಷ ಕೊಡುತ್ತದೆ. ಅದನ್ನು ಪಡೆಯುವುದರಲ್ಲಿ ಸ್ವಾವಲಂಬನೆಗೆ ಕುಂದೇನೂ ಇಲ್ಲ. ಯಾರ ಹಂಗೂ ಇಲ್ಲದೆ ಬದುಕುವುದೇ ಸ್ವಾವಲಂಬನೆಯಾದರೆ, ತಾಯಿಯ ಬೀಡಿಯ ದುಡ್ಡಿನಲ್ಲಿ ಪರೀಕ್ಷಾ ಶುಲ್ಕ ಕಟ್ಟಿದವರು ಯಾರೂ ಸ್ವಾವಲಂಬಿಗಳಲ್ಲ. ಯಾವುದು ತನ್ನ ಕೈಯಲ್ಲಿದೆ, ಯಾವುದು ಇಲ್ಲ ಎಂದು ಬೇರ್ಪಡಿಸಿ, ಕೈಯಲ್ಲಿರುವುದರ ಲೆಕ್ಕವನ್ನು ತಾನೇ ಇಟ್ಟುಕೊಳ್ಳುವ ಕ್ರಮಕ್ಕೆ ಆ ಹೆಸರು ಹೆಚ್ಚು ಒಪ್ಪುತ್ತದೆ.

ಕೈಯಲ್ಲಿರುವ ಕೆಲಸಕ್ಕಂತೂ ಈ ಸೀಮೆಯಲ್ಲಿ ಬರವಿಲ್ಲ. ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡಲು ಜನ ಸಿಗದೆ ತೋಟದವರು ಪರದಾಡುತ್ತಾರೆ. ಮರ ಹತ್ತದೆಯೇ ನೆಲದಲ್ಲಿ ನಿಂತು ಔಷಧಿ ಬಿಡುವ, ಗೊನೆ ಕೊಯ್ಯುವ ಕಾರ್ಬನ್ ಫೈಬರಿನ ದೋಟಿಗೆ ತರಬೇತಿ ಪಡೆದವರು ದಿನಗೂಲಿಯಲ್ಲಿ ಒಳ್ಳೆಯ ಸಂಪಾದನೆ ಮಾಡುತ್ತಾರೆ. ಓದಿದವರು ತೋಟಕ್ಕಿಳಿಯುವುದಕ್ಕೆ ಹಿಂಜರಿದರೆ ಅದನ್ನು ಕೇವಲ ಜಂಬವೆನ್ನಲಾಗದು, ಓದಿಸಿದವರ ಆಸೆಯೂ ಆ ಹಿಂಜರಿಕೆಯಲ್ಲಿದೆ. ಆದರೂ ಕಾಯುವ ಕಾಲದಲ್ಲಿ ಸಹಕಾರಿ ಸಂಘದಲ್ಲಿ ಲೆಕ್ಕ ಬರೆದವರು, ನೆರೆಮನೆಯ ಮಕ್ಕಳಿಗೆ ಟ್ಯೂಷನ್ ಹೇಳಿದವರು, ಮಾವನ ಅಂಗಡಿಯ ಜಿಎಸ್‌ಟಿ ಕಡತ ಸರಿಪಡಿಸಿದವರು, ಔಷಧಿ ಬಿಡುವ ತಂಡಕ್ಕೆ ಜನ ಹೊಂದಿಸಿ ದಿನ ಗೊತ್ತುಮಾಡಿದವರು ಬೇಕಾದಷ್ಟಿದ್ದಾರೆ. ಇವರಲ್ಲಿ ಹೆಚ್ಚಿನವರು ಮೂಡುಬಿದಿರೆಯ ‘ಆಳ್ವಾಸ್ ಪ್ರಗತಿ’ಯಂಥ ಉದ್ಯೋಗ ಮೇಳದ ಸಾಲಿನಲ್ಲಿ ನಿಂತು ಅರ್ಜಿ ತುಂಬುವಾಗ, ಅನುಭವವೆಂಬ ಕಲಮಿನ ಎದುರು ‘ಇಲ್ಲ’ ಎಂದು ಬರೆದು, ಸಂದರ್ಶಕರು ಕೇಳಬಹುದಾಗಿದ್ದ ಒಳ್ಳೆಯ ಪ್ರಶ್ನೆಗಳನ್ನು ತಾವೇ ತಪ್ಪಿಸಿಬಿಡುತ್ತಾರೆ.