ಕೊಸರು ಮತ್ತು ಕಥೆ: ಜಪಾನಿನ ಅನಿಮೆಯಲ್ಲಿ ‘ಫ್ಯಾನ್ ಸರ್ವಿಸ್’

ಜಪಾನೀ ಭಾಷೆಯಲ್ಲಿ ‘ಸಾಬಿಸು’ ಎಂಬ ಮಾತೊಂದಿದೆ. ಇಂಗ್ಲಿಷಿನ ‘ಸರ್ವಿಸ್’ ಅಲ್ಲಿಗೆ ಹೋಗಿ ತಳೆದ ರೂಪವದು. ಕೊಂಡ ಸರಕಿನೊಂದಿಗೆ ಅಂಗಡಿಯವನು ಬೆಲೆ ಹಿಡಿಯದೆ ಕೊಡುವ ಸಣ್ಣ ವಸ್ತುವಿಗೂ ಅಲ್ಲಿ ಅದೇ ಹೆಸರು. ನಮ್ಮ ಸಂತೆಯ ಮಾತಿನಲ್ಲಿ ಹೇಳುವುದಾದರೆ ಕೊಸರು. ಅಳತೆ ಮುಗಿದ ಮೇಲೆ ಗಿರಾಕಿಯ ಸಂತೋಷಕ್ಕೆಂದು ಹಾಕುವ ಒಂದು ಹಿಡಿ ಹೆಚ್ಚಿನ ಕಾಳು. ಅನಿಮೆಯ ಚರ್ಚೆಗಳಲ್ಲಿ ಕೇಳಿಬರುವ ‘ಫ್ಯಾನ್ ಸರ್ವಿಸ್’ ಎಂಬುದನ್ನು ನೇರವಾಗಿ ಅಶ್ಲೀಲತೆ ಎಂದು ಅರ್ಥೈಸುವವರು ಈ ಮೂಲವನ್ನು ಗಮನಿಸುವುದಿಲ್ಲ. ಕಥೆಗೆ ಅಗತ್ಯವಿಲ್ಲದಿದ್ದರೂ ಅಭಿಮಾನಿಗಾಗಿ ಸೇರಿಸಿದ್ದೆಲ್ಲವೂ ಕೊಸರೇ. ಹಳೆಯ ಪಾತ್ರವೊಂದರ ಅನಿರೀಕ್ಷಿತ ಪ್ರವೇಶವಿರಬಹುದು, ಯುದ್ಧಯಂತ್ರದ ಬಿಡಿಭಾಗಗಳನ್ನು ಅಕ್ಕರೆಯಿಂದ ಬಿಡಿಸಿ ತೋರುವ ದೃಶ್ಯವಿರಬಹುದು. ರೂಢಿಯಲ್ಲಿ ಮಾತ್ರ ಆ ಪದವು ದೇಹಪ್ರದರ್ಶನಕ್ಕೆ, ಅದರಲ್ಲೂ ಹೆಣ್ಣಿನ ದೇಹದ ಪ್ರದರ್ಶನಕ್ಕೆ ಸಂಕುಚಿತಗೊಂಡಿದೆ.

ಈ ವಿಷಯವನ್ನು ನಾನು ಗಂಭೀರವಾಗಿ ಯೋಚಿಸುವಂತಾದದ್ದು ಅನಿಮೆಯ ನಿರೂಪಣಾಕ್ರಮವನ್ನು ಕುರಿತು ಸಂಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿನಿಯೊಬ್ಬಳ ಮಾತಿನಿಂದ. “ಸರ್, ಆ ಭಾಗ ಬಂದಾಗ ಓಡಿಸಿಬಿಡುತ್ತೇನೆ. ಕಥೆಯಲ್ಲಿ ಏನೂ ತಪ್ಪಿಹೋಗುವುದಿಲ್ಲ. ಆದರೆ ಪ್ರತಿಸಲವೂ, ಇದನ್ನು ನನ್ನಂಥವರು ನೋಡುತ್ತಾರೆಂದು ಇವರು ಎಣಿಸಿಯೇ ಇಲ್ಲವಲ್ಲ ಅನ್ನಿಸುತ್ತದೆ” ಎಂದಳು. ಈ ಮಾತಿನ ಪೂರ್ವಾರ್ಧದಲ್ಲಿ ಒಂದು ವಿಮರ್ಶೆಯ ಮಾನದಂಡವಿದೆ. ಓಡಿಸಿದರೆ ಏನು ಕಳೆದುಹೋಗುತ್ತದೆ ಎಂದು ಕೇಳಿಕೊಂಡರೆ ದೃಶ್ಯದ ಸ್ಥಾನ ಬಹುಮಟ್ಟಿಗೆ ನಿಚ್ಚಳವಾಗುತ್ತದೆ. ಉತ್ತರಾರ್ಧ ಅಷ್ಟು ಸುಲಭದ್ದಲ್ಲ. ಕಥೆಯೆಂದರೆ ಕೇಳುಗರೆಲ್ಲರಿಗೂ ಹಾಸಿದ ಚಾಪೆ. ಅದರ ನಡುವೆ ಇದ್ದಕ್ಕಿದ್ದಂತೆ ಕೆಲವರತ್ತ ಮಾತ್ರ ಕಣ್ಣು ಮಿಟುಕಿಸಿದರೆ ಉಳಿದವರು ತಾವು ಕರೆಯದೆ ಬಂದವರೆಂದು ತಿಳಿಯಬೇಕಾಗುತ್ತದೆ.

ಲಾರಾ ಮಲ್ವಿ 1975ರಲ್ಲಿ ಪ್ರಕಟಿಸಿದ ಪ್ರಸಿದ್ಧ ಲೇಖನದಲ್ಲಿ ಹಾಲಿವುಡ್ ಚಿತ್ರಗಳನ್ನು ಕುರಿತು ಇದಕ್ಕೆ ಹತ್ತಿರದ ಮಾತನ್ನಾಡಿದ್ದರು. ಹೆಣ್ಣು ತೆರೆಯ ಮೇಲೆ ನೋಟದ ವಸ್ತುವಾಗಿ ನಿಂತಾಗ ಕಥೆಯ ಓಟ ಸ್ತಬ್ಧವಾಗುತ್ತದೆ ಎಂಬುದು ಅವರ ವಾದದ ಒಂದು ಎಳೆ. ಹಳಗನ್ನಡ ಓದಿದವರಿಗೆ ಈ ಸ್ತಬ್ಧತೆ ಹೊಸದೇನಲ್ಲ. ಅಷ್ಟಾದಶ ವರ್ಣನೆಗಳ ಕಟ್ಟಳೆಯಂತೆ ಜಲಕ್ರೀಡೆಯೋ ವನವಿಹಾರವೋ ಬಂದಾಗ ನಮ್ಮ ಚಂಪೂಗಳಲ್ಲಿಯೂ ಕಥೆ ಮರದ ನೆರಳಿನಲ್ಲಿ ಕುಳಿತುಬಿಡುತ್ತದೆ, ಪರೀಕ್ಷೆಗೆ ಓದುವವರು ಪುಟ ಮಗುಚುತ್ತಾರೆ. ಆದರೆ ಪಂಪನ ಆದಿಪುರಾಣದಲ್ಲಿ ನೀಲಾಂಜನೆಯ ನೃತ್ಯದ ಭಾಗವನ್ನು ಹಾಗೆ ಮಗುಚಲಾಗದು. ಅದೂ ಸಭೆಯ ಕಣ್ತಣಿವಿಗೆ ಏರ್ಪಟ್ಟ ಪ್ರದರ್ಶನವೇ. ಕುಣಿಯುತ್ತಿದ್ದವಳ ಆಯುಷ್ಯ ತೀರಿ, ಇಂದ್ರನು ಆ ಎಡೆಯಲ್ಲಿ ಅವಳಂಥವಳನ್ನೇ ಇನ್ನೊಬ್ಬಳನ್ನು ನಿಲ್ಲಿಸಿದಾಗ ಸಭೆಗೆ ಏನೂ ಗೊತ್ತಾಗುವುದಿಲ್ಲ, ಪುರುದೇವನಿಗೆ ಗೊತ್ತಾಗುತ್ತದೆ. ಒಂದೇ ದೃಶ್ಯವನ್ನು ನೋಡಿದವರ ನಡುವಿನ ಈ ಅಂತರದ ಮೇಲೆ ಮುಂದಿನ ಕಥೆಯೆಲ್ಲ ನಿಂತಿದೆ. ಪ್ರದರ್ಶನವೆಂದಾಕ್ಷಣ ಕಥೆ ನಿಲ್ಲಲೇಬೇಕೆಂಬ ನಿಯಮವಿಲ್ಲ ಎಂದು ತೋರಿಸಲಷ್ಟೇ ಈ ನಿದರ್ಶನ. ಇನ್ನು ಜಪಾನಿಗೆ ಮರಳೋಣ.

ಅಲ್ಲಿ ಕೊಸರಿನ ಹಿಂದೆ ಲೆಕ್ಕಾಚಾರವಿದೆ. ತಡರಾತ್ರಿ ಪ್ರಸಾರವಾಗುವ ಅನಿಮೆಗಳಿಗೆ ಪ್ರಕಾಶಕರು, ಸಂಗೀತ ಸಂಸ್ಥೆಗಳು, ಆಟಿಕೆ ತಯಾರಕರು ಸೇರಿ ‘ನಿರ್ಮಾಣ ಸಮಿತಿ’ ಕಟ್ಟಿಕೊಂಡು ಬಂಡವಾಳ ಹೂಡುತ್ತಾರೆ. ಹಾಕಿದ ಹಣವನ್ನು ಡಿಸ್ಕ್, ಗೊಂಬೆ, ಭಿತ್ತಿಚಿತ್ರಗಳ ಮಾರಾಟದಿಂದ ಹಿಂಪಡೆಯುವುದು ಬಹುಕಾಲದ ರೂಢಿ. ಟಿ.ವಿ.ಯಲ್ಲಿ ಹಬೆ ಅಥವಾ ಬೆಳಕಿನ ಪಟ್ಟೆಯಿಂದ ಮರೆಮಾಡಿದ ಭಾಗ ಡಿಸ್ಕ್‌ನಲ್ಲಿ ಮರೆಯಿಲ್ಲದೆ ದೊರೆಯುವುದುಂಟು. ಎಂದರೆ ಆ ಹಬೆಯೇ ಜಾಹೀರಾತು. ಹಿರೋಕಿ ಅಜುಮಾ ಎಂಬ ಚಿಂತಕರು ಒಟಾಕು ಸಂಸ್ಕೃತಿಯನ್ನು ಕುರಿತ ತಮ್ಮ 2001ರ ಕೃತಿಯಲ್ಲಿ, ಈ ಅಭಿಮಾನಿಗಳು ಇಡೀ ಕಥೆಗಿಂತ ಪಾತ್ರಗಳ ಬಿಡಿ ಲಕ್ಷಣಗಳನ್ನು, ಕೂದಲು, ಉಡುಪು, ಮಾತಿನ ಧಾಟಿ ಇಂಥವನ್ನು, ಒಂದು ದತ್ತಕೋಶದಿಂದ ಆಯ್ದುಕೊಳ್ಳುವಂತೆ ಆಸ್ವಾದಿಸುತ್ತಾರೆಂದು ವಾದಿಸಿದರು. ಈ ವಾದವನ್ನು ಒಪ್ಪಿದರೆ ನಮ್ಮ ಪ್ರಶ್ನೆಯೇ ತಲೆಕೆಳಗಾಗುತ್ತದೆ. ಅಂಥ ಗಿರಾಕಿಗೆ ಲಕ್ಷಣಗಳೇ ಸರಕು, ಕಥೆಯೇ ಕೊಸರು. ನಾನು ಅಜುಮಾ ಅವರನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಕಥೆ ಬೇಡವಾದವರು ಕಥೆಯ ಕೊನೆ ಸರಿಯಿಲ್ಲವೆಂದು ಅಷ್ಟು ಕೆರಳುವುದಿಲ್ಲ.

ಹಾಗೆ ಕೆರಳಿಸಿದ ಕೃತಿ ಹಿದೆಯಾಕಿ ಅನ್ನೊ ನಿರ್ದೇಶನದ ‘ನಿಯಾನ್ ಜೆನೆಸಿಸ್ ಇವ್ಯಾಂಜೆಲಿಯನ್’. 1995ರ ಅಕ್ಟೋಬರಿನಿಂದ 1996ರ ಮಾರ್ಚ್‌ವರೆಗೆ 26 ಕಂತುಗಳಲ್ಲಿ ಪ್ರಸಾರವಾಯಿತು. ಕಂತು ಮುಗಿದ ಮೇಲಿನ ಮುನ್ನೋಟಗಳಲ್ಲಿ ಮಿಸಾತೊ ಎಂಬ ಪಾತ್ರದ ಉಲ್ಲಾಸದ ದನಿ ಮುಂದಿನ ವಾರವೂ ‘ಸಾಬಿಸು’ ಇದೆಯೆಂದು ಆಸೆ ಹುಟ್ಟಿಸುತ್ತದೆ. ವ್ಯಾಪಾರಿ ತನ್ನ ತಕ್ಕಡಿಯನ್ನು ತಾನೇ ಹಾಸ್ಯ ಮಾಡಿಕೊಂಡಂತೆ. ಕೊನೆಯ ಎರಡು ಕಂತುಗಳಲ್ಲಿ ಯುದ್ಧದ ಮುಕ್ತಾಯವಿಲ್ಲ, ಬಹುಮಟ್ಟಿಗೆ ಪಾತ್ರಗಳ ಅಂತರಂಗದ ವಿಚಾರಣೆಯೇ. 1997ರಲ್ಲಿ ಬಂದ ಮುಕ್ತಾಯದ ಚಲನಚಿತ್ರದಲ್ಲಿ ಅನ್ನೊ ಚಿತ್ರಿತ ಲೋಕವನ್ನು ನಡುವೆಯೇ ಬಿಟ್ಟು, ಚಿತ್ರಮಂದಿರದಲ್ಲಿ ಕುಳಿತ ನಿಜವಾದ ಪ್ರೇಕ್ಷಕರನ್ನು ತೆರೆಯ ಮೇಲೆ ತಂದರು. ನೋಡುತ್ತಿದ್ದವನು ತಾನೇ ನೋಟಕ್ಕೆ ಗುರಿಯಾದ. ಅಸಾಮಾನ್ಯ ಧೈರ್ಯವೆಂಬುದರಲ್ಲಿ ಅನುಮಾನವಿಲ್ಲ. ಆದರೂ ಗದರಿಸಿದ ಕೈಯೇ ಗೊಂಬೆಯನ್ನೂ ಮಾರಿತು. ಅದರ ನಾಯಕ ನಾಯಕಿಯರೋ 14 ವರ್ಷದ ಮಕ್ಕಳು.

ಇಲ್ಲಿ ಒಂದು ಮಾತನ್ನು ಬಿಡಿಯಾಗಿಯೇ ಹೇಳಬೇಕು. ಶಾಲೆಯ ವಯಸ್ಸಿನ ಪಾತ್ರಗಳನ್ನು ಇಂಥ ನೋಟಕ್ಕೆ ಒಡ್ಡುವುದು ಕಥೆಗೆ ಹಿತವೋ ಅಹಿತವೋ ಎಂಬ ಚರ್ಚೆ ನನಗೆ ಬೇಕಾಗಿಲ್ಲ. ಅದು ತಪ್ಪು, ಯಾವ ಸೌಂದರ್ಯಮೀಮಾಂಸೆಯೂ ಅದಕ್ಕೆ ವಕಾಲತ್ತು ವಹಿಸಲಾರದು. 2013ರ ‘ಕಿಲ್ ಲಾ ಕಿಲ್’ ಉಡುಪು ಮತ್ತು ನಾಚಿಕೆಗಳನ್ನೇ ವಸ್ತುವಾಗಿ ಎತ್ತಿಕೊಂಡ ಚುರುಕಾದ ಕೃತಿಯಾದರೂ, ವಸ್ತುವಾಗಿಸಿಕೊಂಡ ಮಾತ್ರಕ್ಕೆ ಈ ಆಕ್ಷೇಪದಿಂದ ಪಾರಾಗುವುದಿಲ್ಲ.

ವಯಸ್ಕ ಪಾತ್ರಗಳ ವಿಚಾರದಲ್ಲಿ ನನಗೆ ಹೆಚ್ಚು ಕಲಿಸಿದ ಕೃತಿ ಸತೋಶಿ ಕೊನ್ ಅವರ ಮೊದಲ ಚಿತ್ರ, 1997ರ ‘ಪರ್ಫೆಕ್ಟ್ ಬ್ಲೂ’. ಮಿಮಾ ಎಂಬ ಜನಪ್ರಿಯ ಗಾಯಕಿ ಹಾಡುಗಾರಿಕೆ ಬಿಟ್ಟು ನಟಿಯಾಗಲು ಹೊರಡುತ್ತಾಳೆ. ಧಾರಾವಾಹಿಯೊಂದರಲ್ಲಿ ಬಲಾತ್ಕಾರದ ದೃಶ್ಯಕ್ಕೆ ಒಪ್ಪಿಕೊಳ್ಳಬೇಕಾಗುತ್ತದೆ. ಕೊನ್ ತೋರಿಸುವುದು ಆ ದೃಶ್ಯದ ಚಿತ್ರೀಕರಣವನ್ನು. ದೀಪಗಳಿವೆ, ಕ್ಯಾಮೆರಾ ಇದೆ. ನಿರ್ದೇಶಕ ನಿಲ್ಲಿಸಿದಾಗ ಎಲ್ಲರೂ ಇದ್ದ ಭಂಗಿಯಲ್ಲೇ ಕಾಯುತ್ತಾರೆ, ಆ ಬಿಡುವಿನಲ್ಲಿ ಎದುರಿನ ನಟ ಮಿಮಾಳ ಕ್ಷಮೆ ಕೇಳುತ್ತಾನೆ. ಮತ್ತೆ ಆರಂಭ. ನೋಡುತ್ತಿದ್ದ ವ್ಯವಸ್ಥಾಪಕಿ ರೂಮಿ ತಡೆಯಲಾರದೆ ಕಣ್ಣೀರಿಟ್ಟು ಹೊರಗೆ ಹೋಗುತ್ತಾಳೆ. ಕೊಸರನ್ನು ಯಾರು ತೂಗುತ್ತಾರೆ, ಯಾರ ಮೈಯಿಂದ ತೆಗೆದು ತೂಗುತ್ತಾರೆ ಎಂಬುದು ಈ ಕೆಲವೇ ನಿಮಿಷಗಳಲ್ಲಿ ಬಯಲಾಗುತ್ತದೆ. ಇದನ್ನು ಓಡಿಸಿ ನೋಡಿದವರಿಗೆ ಮಿಮಾ ಮುಂದೆ ತನ್ನನ್ನೇ ಗುರುತಿಸಲಾರದೆ ತತ್ತರಿಸುವುದೇಕೆಂದು ಅರ್ಥವಾಗದು. ಅನೇಕರಿಗೆ ಇದು ನೋಡಲಾಗದ ದೃಶ್ಯ. ಎದ್ದುಹೋಗುವ ಹಕ್ಕು ಅವರಿಗಿದೆ, ರೂಮಿಗೆ ಇದ್ದಂತೆ.

ಕೊನ್ ಹಿಡಿದದ್ದು ದುಃಖದ ದಾರಿ. ಇನ್ನೊಂದು ದಾರಿ 2012ರ ‘ಮಿನೆ ಫುಜಿಕೊ ಎಂಬ ಹೆಣ್ಣು’ ಸರಣಿಯದು. ಮಂಕಿ ಪಂಚ್ ಎಂಬ ಕಾವ್ಯನಾಮದ ಚಿತ್ರಕಾರರು 1967ರಲ್ಲಿ ಆರಂಭಿಸಿದ ಲೂಪಿನ್ ಕಥೆಗಳಲ್ಲಿ ಫುಜಿಕೊ ಕಳ್ಳಿ, ಮೋಹಿನಿ, ವಂಚಕಿ. ದಶಕಗಳ ಕಾಲ ಗಂಡು ಪ್ರೇಕ್ಷಕರ ಕೊಸರು. ಸಾಯೊ ಯಮಾಮೊಟೊ ನಿರ್ದೇಶಿಸಿ, ಮಾರಿ ಒಕಾಡಾ ಕಥಾಸಂಯೋಜನೆ ಮಾಡಿದ 13 ಕಂತುಗಳ ಈ ಸರಣಿ ಅವಳನ್ನು ನಡುವೆ ನಿಲ್ಲಿಸಿತು. ಬಟ್ಟೆ ತೊಡಿಸಿ ಗೌರವ ಕೊಡುವ ಗೋಜಿಗೆ ಅದು ಹೋಗುವುದಿಲ್ಲ. ನಗ್ನತೆ ಹಳೆಯ ಸರಣಿಗಳಿಗಿಂತ ಹೆಚ್ಚೇ ಇದೆ. ಆದರೆ ಕಥೆ ಮುಂದುವರಿದಂತೆ ಫುಜಿಕೊಳ ಬಾಲ್ಯದಲ್ಲಿ ಏನೋ ಘೋರ ನಡೆದಿದೆ, ಅವಳು ಹೀಗಾದದ್ದು ಅದರಿಂದಲೇ ಎಂಬ ಸುಳಿವುಗಳು ಗೂಬೆಮುಖದ ಆಕೃತಿಗಳೊಂದಿಗೆ ಸುತ್ತುವರಿಯುತ್ತವೆ. ನೋಡುಗನು ಮರುಗಲು ಸಿದ್ಧನಾಗುತ್ತಾನೆ. ಕೊನೆಗೆ ತಿಳಿಯುವುದೇನೆಂದರೆ ಆ ನೆನಪುಗಳು ಅವಳವಲ್ಲ. ಬೇರೊಬ್ಬಳ ಬದುಕಿನವು, ಅವಳೊಳಗೆ ತುಂಬಲಾದವು. ಅವಳು ಇದ್ದದ್ದೇ ಹೀಗೆ, ತನ್ನಿಚ್ಛೆಯಂತೆ. ಅವಳ ಮೈಯನ್ನು ನೋಡುವ ಸಲಿಗೆಯ ಜೊತೆಗೆ ಅವಳ ಮನಸ್ಸಿಗೊಂದು ಕಾರಣ ಕೇಳುವ ಸಲಿಗೆಯನ್ನೂ ನಾವು ತೆಗೆದುಕೊಂಡಿದ್ದೆವು. ಮೊದಲನೆಯದನ್ನು ಸರಣಿ ಧಾರಾಳವಾಗಿ ಕೊಟ್ಟಿತು, ಎರಡನೆಯದನ್ನು ಕೊಡಲಿಲ್ಲ.